ಜೊಟೆರೊ: ನಾಲ್ಕು ವರ್ಷ, ಹನ್ನೊಂದು ಕಿರುಕೈಪಿಡಿ

ಶಿಕ್ಷಕರ ತರಬೇತಿಗಾಗಿ ನಾನು ಕನ್ನಡದಲ್ಲಿ ಕಿರುಕೈಪಿಡಿಗಳನ್ನು ಬರೆಯುತ್ತೇನೆ. ಶೈಕ್ಷಣಿಕ ತಂತ್ರಜ್ಞಾನದ ಒಂದು ಸಂಶೋಧನಾ ವಿಷಯ, ನಾಲ್ಕೇ ಪುಟ. ಮನಸ್ಸು ಒಮ್ಮೆಗೆ ಹಿಡಿಯಬಲ್ಲದ್ದಕ್ಕೆ ಮಿತಿಯಿದೆ ಎನ್ನುವ ಸ್ವೆಲ್ಲರ್ ಅವರ ಅರಿವಿನ ಹೊರೆಯ ಸಿದ್ಧಾಂತ, ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಮುಂದಿಟ್ಟ, ವಿಷಯ, ಬೋಧನೆ ಮತ್ತು ತಂತ್ರಜ್ಞಾನದ ಅರಿವನ್ನು ಬೆಸೆಯುವ ಟಿಪ್ಯಾಕ್ ಚೌಕಟ್ಟು, ಹೀಗೆ ಹನ್ನೊಂದು ಮುಗಿದಿವೆ. ನಾಲ್ಕು ಪುಟಕ್ಕೆ ಮೂವತ್ತು ನಲವತ್ತು ಪ್ರಬಂಧಗಳನ್ನು ಓದಬೇಕಾಗುತ್ತದೆ. ನಾಲ್ಕು ವರ್ಷಗಳಿಂದ ಅವೆಲ್ಲವನ್ನೂ ಜೊಟೆರೊದಲ್ಲಿ, ಅಂದರೆ ಪ್ರಬಂಧಗಳನ್ನು ವಿವರ, ಟಿಪ್ಪಣಿಗಳೊಂದಿಗೆ ಜೋಡಿಸಿಡುವ ತಂತ್ರಾಂಶದಲ್ಲಿ, ಇಟ್ಟುಕೊಂಡಿದ್ದೇನೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಈ ಮುಕ್ತ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ.

ಇದರ ಮಹತ್ವ ನನಗೆ ತಿಳಿದದ್ದು ಒಂದು ತಪ್ಪಿನಿಂದ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20 ನೆನಪಿರುತ್ತದೆ ಎಂಬ ಅಂಕಿಗಳನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿನಲ್ಲಿ ಮೊದಲ ಕೈಪಿಡಿಯಲ್ಲಿ ಬರೆದಿದ್ದೆ. "ಮೇಡಂ, ಇದನ್ನು ಅಳೆದವರು ಯಾರು?" ಎಂದು ಶಿಕ್ಷಕರೊಬ್ಬರು ಕೇಳಿದರು. ಹುಡುಕಿದಾಗ ಗೊತ್ತಾಯಿತು: ಕಲಿಕೆಯ ಅನುಭವಗಳನ್ನು ಮೂರ್ತದಿಂದ ಅಮೂರ್ತಕ್ಕೆ ಜೋಡಿಸಿ ಡೇಲ್ 1946ರಲ್ಲಿ ಕೊಟ್ಟ ‘ಅನುಭವದ ಶಂಕು’ ಎಂಬ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ. ಬೇರೆಯವರು ಸೇರಿಸಿದ್ದನ್ನು ನಾನೂ ದಾಟಿಸಿದ್ದೆ.

ಅಂದಿನಿಂದ ಜೊಟೆರೊದ ಬಣ್ಣದ ಗುರುತುಗಳನ್ನು ಒಂದೇ ಕೆಲಸಕ್ಕೆ ಬಳಸುತ್ತೇನೆ. ಮೂಲ ಪ್ರಬಂಧಕ್ಕೆ ಕೆಂಪು, ಮತ್ತೊಬ್ಬರ ಮಾತನ್ನು ತಿರುಗಿ ಹೇಳುವುದಕ್ಕೆ ನೀಲಿ. ಅಂಕಿಯ ಒಂದು ಕೀಲಿ ಒತ್ತಿದರೆ ಸಾಕು, ಗುರುತು ಬೀಳುತ್ತದೆ. ನೀಲಿಯನ್ನಷ್ಟೇ ನಂಬಿ ಈಗ ಒಂದು ಸಾಲನ್ನೂ ಬರೆಯುವುದಿಲ್ಲ.

2022ರ ಆರನೆಯ ಆವೃತ್ತಿಯಲ್ಲಿ ಪಿಡಿಎಫ್ ಓದುವ ಸೌಲಭ್ಯ ಒಳಗೇ ಬಂದದ್ದು ದೊಡ್ಡ ಉಪಕಾರ. ಗೆರೆ ಎಳೆದ ಸಾಲುಗಳು ಪುಟಸಂಖ್ಯೆಯೊಂದಿಗೆ ಟಿಪ್ಪಣಿಯಾಗುತ್ತವೆ; ಒತ್ತಿದರೆ ಅದೇ ಪುಟ ತೆರೆಯುತ್ತದೆ. ಶೈಕ್ಷಣಿಕ ತಂತ್ರಜ್ಞಾನದ ಸಂಶೋಧಕ ರಿಚರ್ಡ್ ಕ್ಲಾರ್ಕ್ ಕುರಿತು ಬರೆಯುವಾಗ ಇದೇ ನನ್ನನ್ನು ಕಾಪಾಡಿತು. ತಂತ್ರಜ್ಞಾನದಿಂದ ಪ್ರಯೋಜನವಿಲ್ಲವೆಂದು ಅವರು ಹೇಳಿದರೆಂಬ ಮಾತು ತರಬೇತಿಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಅವರ 1983ರ ಪ್ರಬಂಧದಲ್ಲಿರುವ ವಾದ ಬೇರೆ. ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗದಂತೆ, ಪಾಠ ತಲುಪಿಸುವ ಮಾಧ್ಯಮದಿಂದಲೇ ಕಲಿಕೆ ಹೆಚ್ಚುವುದಿಲ್ಲ. ಹೆಚ್ಚಿಸುವುದು ಬೋಧನೆಯ ವಿಧಾನ. ಇದನ್ನು ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಒಪ್ಪಲಿಲ್ಲ. ಆ ಜಗಳವನ್ನು ಒಂದೂವರೆ ಪುಟದಲ್ಲಿ ಇಬ್ಬರಿಗೂ ಅನ್ಯಾಯವಾಗದಂತೆ ಹೇಳಲು ಮೂರು ವಾರ ಬೇಕಾಯಿತು.

ತೊಡಕುಗಳೂ ಇವೆ. ಕನ್ನಡ ಲೇಖನಗಳ ವಿವರವನ್ನು ಬಹುತೇಕ ಕೈಯಾರೆ ತುಂಬಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ಗೆರೆ ಎಳೆದರೆ ಟಿಪ್ಪಣಿಗೆ ಬರುವುದು ಅರ್ಥವಿಲ್ಲದ ಅಕ್ಷರಗಳು. ಅದು ಜೊಟೆರೊದ ತಪ್ಪಲ್ಲ, ಆದರೂ ನೋವಾಗುತ್ತದೆ. ಕಡತಗಳನ್ನು ಇಡಲು ಜೊಟೆರೊದ ಸರ್ವರಿನಲ್ಲಿ ಸಿಗುವ ಉಚಿತ ಜಾಗ 300 ಎಂಬಿ ಮಾತ್ರ. ನನ್ನದು ಒಂದೇ ವರ್ಷದಲ್ಲಿ ತುಂಬಿತು. ಈಗ ಕಡತಗಳು ನನ್ನ ಕಂಪ್ಯೂಟರಿನಲ್ಲೇ ಇವೆ. ವಿವರ ಮತ್ತು ಟಿಪ್ಪಣಿಗಳು ಆ ಮಿತಿಗೆ ಸೇರದ ಕಾರಣ ಎಲ್ಲ ಕಡೆಯೂ ಸಿಗುತ್ತವೆ. ಹೊಸದಾಗಿ ಬರೆಯುವವರು ಹೆಚ್ಚಿನ ಜಾಗಕ್ಕೆ ದುಡ್ಡು ಕೊಡುವ ಮೊದಲು ಹೀಗೆ ಮಾಡಿ ನೋಡಲಿ.

ಸದ್ಯ ಹನ್ನೆರಡನೆಯದು ನಡೆಯುತ್ತಿದೆ: ಒಬ್ಬೊಬ್ಬರಿಗೇ ಪಾಠ ಹೇಳುವುದರ ಲಾಭದ ಬಗ್ಗೆ 1984ರಲ್ಲಿ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಎತ್ತಿದ ಪ್ರಶ್ನೆ. ಸಂಗ್ರಹದಲ್ಲಿ ಇಪ್ಪತ್ತಾರು ಪ್ರಬಂಧಗಳಿವೆ. ಕೆಂಪು ಗುರುತು ಬಿದ್ದಿರುವುದು ಐದಕ್ಕೆ.