ಊರಿಂದ ಅಪ್ಪ-ಅಮ್ಮ ಬಂದಾಗ ಯಾವ ಪಾಸ್? ಡಿಸ್ನಿಲ್ಯಾಂಡ್ ಮತ್ತು ನಾಟ್ಸ್, ಎರಡನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದು, ಊರಿಂದ ಅಪ್ಪ-ಅಮ್ಮ ಐದಾರು ತಿಂಗಳು ಇರಲಿಕ್ಕೆ ಬರುತ್ತಿದ್ದರೆ, ವರ್ಷದ ಪಾಸ್ ಅಂತ ತಗೊಳ್ಳುವುದು ಬ್ಯೂನಾ ಪಾರ್ಕ್ ಅನ್ನುವ ಊರಿನಲ್ಲಿರುವ ನಾಟ್ಸ್ ಬೆರಿ ಫಾರ್ಮ್ ಅನ್ನುವ ಅಮ್ಯೂಸ್‌ಮೆಂಟ್ ಪಾರ್ಕಿನದ್ದೇ ಆಗಿರಲಿ. ಡಿಸ್ನಿಲ್ಯಾಂಡ್‌ಗೆ ಒಂದು ದಿನ ಕರೆದುಕೊಂಡು ಹೋಗಿ, ಚೆನ್ನಾಗಿ ತೋರಿಸಿ, ಫೋಟೋ ತೆಗೆಸಿ, ವಾಪಸ್ ಬನ್ನಿ. ಪಾಸ್ ಮಾತ್ರ ನಾಟ್ಸ್‌ನದ್ದು.

ಯಾವ ಪಾರ್ಕ್ ಚೆಂದ ಅನ್ನುವ ಲೆಕ್ಕ ಇದಲ್ಲ. ಚೆಂದದ ವಿಷಯಕ್ಕೆ ಬಂದರೆ ಡಿಸ್ನಿಯೇ ಚೆಂದ. ಎಷ್ಟು ರೈಡ್ ಇದೆ, ಎಷ್ಟು ಎಕರೆ ಇದೆ ಅನ್ನುವುದೆಲ್ಲ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ನಾನು ಬರೆಯುತ್ತಿರುವುದು ಒಂದೇ ಮನೆಯ ಐದು ಜನಕ್ಕೆ ಎರಡು ಪಾರ್ಕ್‌ಗಳು ಯಾವ ದರ ಹಾಕುತ್ತವೆ, ಯಾರಿಗೆ ಯಾವ ಪಾಸ್ ಕೊಡುತ್ತವೆ ಅನ್ನುವುದರ ಬಗ್ಗೆ. ನಾನು, ಹೆಂಡತಿ, ಒಂದನೇ ಕ್ಲಾಸಿನ ಮಗಳು ಇಲ್ಲಿಯವರು. ಅಪ್ಪ-ಅಮ್ಮ ಶಿವಮೊಗ್ಗದಿಂದ ವಿಸಿಟರ್ ವೀಸಾದಲ್ಲಿ ಬಂದವರು. ಅವರು 2024ರ ಅಕ್ಟೋಬರ್‌ನಲ್ಲಿ ಬಂದು ಯುಗಾದಿ ಮುಗಿಸಿಕೊಂಡು ಹೊರಟರು. ಎರಡೂ ಪಾರ್ಕ್ ಆ ಒಂದೇ ಅವಧಿಯಲ್ಲಿ ನೋಡಿದ್ದು.

ಡಿಸ್ನಿಲ್ಯಾಂಡ್‌ನ ದಿನದ ಟಿಕೆಟ್‌ಗೆ ಒಂದು ದರ ಅಂತ ಇಲ್ಲ. ಯಾವ ತಾರೀಕು ಅನ್ನುವುದರ ಮೇಲೆ ದರ. 2024ರ ಅಕ್ಟೋಬರ್‌ನಲ್ಲಿ ಏರಿಸಿದ ಮೇಲೆ ಅತಿ ಕಡಿಮೆಯ ದಿನಕ್ಕೆ 104 ಡಾಲರ್, ಅತಿ ಜಾಸ್ತಿಯ ದಿನಕ್ಕೆ 206 ಡಾಲರ್ ಆಯಿತು. ಅಲ್ಲಿ ಅಕ್ಕಪಕ್ಕ ಎರಡು ಪಾರ್ಕ್ ಇವೆ, ಈ ದರ ಒಂದಕ್ಕೆ ಮಾತ್ರ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಆದರೆ ಮಾಮೂಲಿ ದಿನಗಳಲ್ಲಿ ಅದು ದೊಡ್ಡವರ ದರಕ್ಕಿಂತ ಕೆಲವೇ ಡಾಲರ್ ಕಡಿಮೆ. ವಯಸ್ಸಾದವರಿಗೆ ರಿಯಾಯಿತಿ ಇಲ್ಲವೇ ಇಲ್ಲ. ಎಪ್ಪತ್ತು ದಾಟಿದ ಅಪ್ಪನಿಗೂ ನನಗೂ ಒಂದೇ ದುಡ್ಡು. ನಾಟ್ಸ್‌ನಲ್ಲಿ 62 ತುಂಬಿದವರಿಗೆ ದಿನದ ಟಿಕೆಟ್ ಕಡಿಮೆಗೆ ಸಿಗುತ್ತದೆ. ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಎತ್ತರ ಅಳೆದು ಟಿಕೆಟ್ ಕೊಡುತ್ತಾರೆ, ಕಾಲೇಜಿನ ಐಡಿ ತೋರಿಸಿದರೆ ಕಡಿಮೆ ಮಾಡುತ್ತಾರೆ. ಡಿಸ್ನಿಯಲ್ಲಿ ರಿಯಾಯಿತಿ ಸಿಗುವುದು ಮುಖ್ಯವಾಗಿ ನೀವು ಎಲ್ಲಿ ವಾಸವಾಗಿದ್ದೀರಿ ಅನ್ನುವುದರ ಮೇಲೆ. ನಮ್ಮ ತೊಂದರೆಯೆಲ್ಲ ಶುರುವಾಗಿದ್ದೂ ಅಲ್ಲಿಂದಲೇ.

ಹೆಚ್ಚಿನ ವರ್ಷಗಳಲ್ಲಿ ಜನವರಿಯಿಂದ ಸುಮಾರು ಮೇವರೆಗೆ ಡಿಸ್ನಿಯವರು ದಕ್ಷಿಣ ಕ್ಯಾಲಿಫೋರ್ನಿಯಾದವರಿಗೆ ಅಂತಲೇ ಮೂರು ದಿನದ ಟಿಕೆಟ್ ಬಿಡುತ್ತಾರೆ. ಕ್ರಿಸ್‌ಮಸ್ ಜಾತ್ರೆ ಮುಗಿದು ಹೊರಗಿನವರು ಕಡಿಮೆಯಾಗುವ ಕಾಲ ಅದು. ಪಾರ್ಕ್ ತುಂಬಬೇಕಲ್ಲ, ಅದಕ್ಕೆ ಅಕ್ಕಪಕ್ಕದವರನ್ನು ಕರೆಯುತ್ತಾರೆ. 2025ರಲ್ಲಿ ಸೋಮವಾರದಿಂದ ಗುರುವಾರದವರೆಗೆ ಬಳಸುವ ಟಿಕೆಟ್ 199 ಡಾಲರ್ ಇತ್ತು. ದಿನಕ್ಕೆ 67 ಡಾಲರ್ ಕೂಡ ಬೀಳುತ್ತಿರಲಿಲ್ಲ, ತುಂಬ ಒಳ್ಳೆಯ ದರ. ಮೂರು ದಿನವನ್ನು ಒಟ್ಟಿಗೆ ಮುಗಿಸಬೇಕಾಗಿಯೂ ಇಲ್ಲ, ಕೊಡುಗೆ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಹೋಗಬಹುದು. ಪಿನ್‌ಕೋಡ್ ಇಲ್ಲಿ ಜಿಪ್‌ಕೋಡ್. ಅದು 90000ದಿಂದ 93599ರ ಒಳಗಿರಬೇಕು, ಇಲ್ಲವೇ ಗಡಿಗೆ ಹತ್ತಿದ ಮೆಕ್ಸಿಕೋ ಭಾಗದ್ದಾಗಿರಬೇಕು. ಇದೇ ರಾಜ್ಯದ ಫ್ರೆಸ್ನೋದಲ್ಲಿರುವ ನಮ್ಮ ಗೆಳೆಯರಿಗೆ ಇದು ದಕ್ಕುವುದಿಲ್ಲ, ಗಡಿಯಾಚೆ ಮೆಕ್ಸಿಕೋದ ಟಿಹುವಾನಾದವರಿಗೆ ದಕ್ಕುತ್ತದೆ!

ಈ ಟಿಕೆಟನ್ನು ನಾವು ಒಬ್ಬ ಏಜೆಂಟ್ ಕಡೆಯಿಂದ ತಗೊಂಡೆವು. ಅಪ್ಪ-ಅಮ್ಮ ಭಾರತದಿಂದ ಬಂದಿದ್ದಾರೆ ಅಂತ ಎರಡು ಸಲ ಬಿಡಿಸಿ ಹೇಳಿದೆ. 'ನಿಮ್ಮ ಮನೆಯಲ್ಲೇ ಇದ್ದಾರಲ್ವಾ, ಒಂದೇ ಅಡ್ರೆಸ್, ಐದು ಜನಕ್ಕೂ ನಡೆಯುತ್ತೆ' ಅಂತ ಭರವಸೆ ಕೊಟ್ಟು ಐದೂ ಟಿಕೆಟ್ ಅದೇ ದರದಲ್ಲಿ ಮಾರಿದ.

ಗೇಟಿನಲ್ಲಿ ನನ್ನದು, ಹೆಂಡತಿಯದು ಡ್ರೈವಿಂಗ್ ಲೈಸೆನ್ಸ್ ನೋಡಿ ಬಿಟ್ಟರು. ಮಗಳಿಗೆ ಏನೂ ಕೇಳಲಿಲ್ಲ. ಅಪ್ಪ ಬಟ್ಟೆಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಎರಡು ಪಾಸ್‌ಪೋರ್ಟ್ ತೆಗೆದರು. ಗೇಟಿನ ಹುಡುಗಿ ಮೊದಲ ಪುಟ ನೋಡಿದಳು, ತಿರುವುತ್ತ ಕೊನೆಯ ಪುಟಕ್ಕೆ ಬಂದಳು. ಅಲ್ಲಿ ಶಿವಮೊಗ್ಗದ ಮನೆಯ ವಿಳಾಸ. ಇಲ್ಲಿಯ ವಿಳಾಸ ಇರುವ ಬೇರೆ ಏನಾದರೂ ಇದೆಯಾ, ಇಲ್ಲಿಯ ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ, ಅವರ ಹೆಸರಿನಲ್ಲಿ? ಅಂತ ಮೆತ್ತಗೆ ಕೇಳಿದಳು. ವಿಸಿಟರ್ ವೀಸಾದಲ್ಲಿ ಬಂದವರ ಹೆಸರಿನಲ್ಲಿ ಇಲ್ಲಿ ಕರೆಂಟ್ ಬಿಲ್ಲು ಎಲ್ಲಿಂದ ಬರಬೇಕು ಹೇಳಿ. ಆ ಹುಡುಗಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನಿಯಮ ಮೊದಲಿನಿಂದಲೂ ಹಾಗೇ ಇದೆ: ದೊಡ್ಡವರು ಪ್ರತಿಯೊಬ್ಬರೂ ತಾವು ಇಲ್ಲಿಯ ವಾಸಿ ಅಂತ ತೋರಿಸಬೇಕು. ಮಗನ ಮನೆಯಲ್ಲಿ ಉಳಿದುಕೊಂಡಿದ್ದಾರೆ ಅನ್ನುವುದು ಸಾಲದು.

ಇಬ್ಬರ ಟಿಕೆಟ್‌ಗೂ ವ್ಯತ್ಯಾಸದ ಹಣ ಕಟ್ಟಿ ಮಾಮೂಲಿ ಟಿಕೆಟ್ ಮಾಡಿಸಿಕೊಂಡೆವು. ಮೂರು ದಿನದ ಮಾಮೂಲಿ ಟಿಕೆಟ್ ಅಂದರೆ ಆಗ ಒಬ್ಬರಿಗೆ ಸುಮಾರು 400 ಡಾಲರ್. ಅಮ್ಮ ಪಕ್ಕದಲ್ಲಿ ನಿಂತು 'ಬೇಡ ಬಿಡೋ, ನಾವು ಹೊರಗೇ ಕೂತಿರ್ತೀವಿ' ಅನ್ನುತ್ತಿದ್ದರು. ಅದನ್ನು ಕೇಳಿ ಹೊಟ್ಟೆ ಕಿವುಚಿದ ಹಾಗಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮಾಮೂಲಿ ಟಿಕೆಟ್ ಆದ ತಕ್ಷಣ ಅದರ ಗಡುವೂ ಬದಲಾಯಿತು. ಮೊದಲ ದಿನ ಬಳಸಿದ ಮೇಲೆ 13 ದಿನಕ್ಕೆ ಆ ಟಿಕೆಟ್ ಮುಗಿದುಹೋಗುತ್ತದೆ. ನಾವು ಮೂವರು ಮೇವರೆಗೆ ನಿಧಾನವಾಗಿ ಹೋಗಬಹುದು, ಅವರಿಬ್ಬರು ಎರಡು ವಾರದೊಳಗೆ ಮುಗಿಸಬೇಕು. ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆದ ಅಮ್ಮನ ಮಂಡಿ ಊದಿಕೊಂಡಿತ್ತು. ನಾನು, ಹೆಂಡತಿ ಇಬ್ಬರಿಗೂ ಮತ್ತೆ ವಾರದ ನಡುವೆ ರಜೆ ಸಿಗಲಿಲ್ಲ. ಉಳಿದ ದಿನಗಳನ್ನು ಬೇರೆ ಯಾರಿಗಾದರೂ ಕೊಡೋಣ ಅಂದರೆ ಅದೂ ಆಗದು. ಮೊದಲ ದಿನವೇ ಗೇಟಿನಲ್ಲಿ ಮುಖದ ಫೋಟೋ ತೆಗೆದಿರುತ್ತಾರೆ, ಟಿಕೆಟ್ ಅವರಿಗೇ ಅಂಟಿಕೊಳ್ಳುತ್ತದೆ. ಹಾಗೇ ಹೋಯಿತು ಆ ದುಡ್ಡು. ಏಜೆಂಟ್‌ಗೆ ಫೋನ್ ಮಾಡಿದರೆ, ಮಾರಿದ ಟಿಕೆಟ್‌ಗೆ ಹಣ ವಾಪಸ್ ಇಲ್ಲ ಅಂದ. ಊರಿಂದ ಬಂದವರಿಗೆ 'ಲೋಕಲ್ ದರ' ಕೊಡಿಸುತ್ತೇನೆ ಅಂತ ಯಾರೇ ಹೇಳಿದರೂ ದಯವಿಟ್ಟು ನಂಬಬೇಡಿ.

ಹಾಗಾದರೆ ಡಿಸ್ನಿಯ ವರ್ಷದ ಪಾಸ್? ಅದಕ್ಕೆ ಮ್ಯಾಜಿಕ್ ಕೀ ಅಂತ ಹೆಸರು. ಹಳೆಯ ವಾರ್ಷಿಕ ಪಾಸನ್ನು 2021ರ ಜನವರಿಯಲ್ಲಿ ನಿಲ್ಲಿಸಿ, ಅದೇ ಆಗಸ್ಟ್‌ನಲ್ಲಿ ಇದನ್ನು ತಂದರು. ಅತಿ ಅಗ್ಗದ್ದು ಇಮ್ಯಾಜಿನ್ ಕೀ. ಶುರುವಿನಲ್ಲಿ 399 ಡಾಲರ್ ಇತ್ತು, 2024ರ ಅಕ್ಟೋಬರ್ ಹೊತ್ತಿಗೆ 599 ಆಯಿತು. ಇದೂ ದಕ್ಷಿಣ ಕ್ಯಾಲಿಫೋರ್ನಿಯಾದವರಿಗೆ ಮಾತ್ರ. ಅಪ್ಪ-ಅಮ್ಮನಿಗೆ ಬೇಕು ಅಂದರೆ ಮೇಲಿನ ದರ್ಜೆಯ ಕೀಗಳನ್ನೇ ತಗೊಳ್ಳಬೇಕು. ಎಲ್ಲಕ್ಕಿಂತ ಮೇಲಿನ ಇನ್‌ಸ್ಪೈರ್ ಕೀ ಆಗ 1,749 ಡಾಲರ್. ತಿಂಗಳ ಕಂತಿನಲ್ಲಿ ಕಟ್ಟುವ ಅನುಕೂಲವೂ ಕ್ಯಾಲಿಫೋರ್ನಿಯಾದವರಿಗಷ್ಟೇ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲೂ ಇದೇ ಕಥೆ, ಅಗ್ಗದ ಪಾಸ್‌ಗಳು ಆ ರಾಜ್ಯದವರಿಗೆ, ಹೊರಗಿನವರಿಗೆ ಉಳಿಯುವುದು ದುಬಾರಿಯದ್ದು.

ಇಲ್ಲಿಯವರೇ ಆದ ನಮಗಾದರೂ ಇಮ್ಯಾಜಿನ್ ಹೊಂದುತ್ತದಾ ಅಂತ ಕೂತು ನೋಡಿದೆವು. ಬಹುತೇಕ ವಾರಾಂತ್ಯ ಹೋಗುವಂತಿಲ್ಲ. ಬೇಸಿಗೆ ರಜೆಯ ದೊಡ್ಡ ಪಾಲು ಇಲ್ಲ. ಕ್ರಿಸ್‌ಮಸ್ ಇಲ್ಲ. ಮಗಳಿಗೆ ಶಾಲೆ ಇಲ್ಲದ ದಿನಗಳೇ ಅವು. ಹೋಗಬಹುದಾದ ದಿನಕ್ಕೂ ಮುಂಚೆ ಬುಕ್ ಮಾಡಬೇಕು, ಒಮ್ಮೆಗೆ ಎರಡು ದಿನ ಮಾತ್ರ ಹಿಡಿದಿಡಬಹುದು. ಬುಕ್ ಮಾಡಿ, ರದ್ದೂ ಮಾಡದೆ, 90 ದಿನದಲ್ಲಿ ಮೂರು ಸಲ ಹೋಗದಿದ್ದರೆ 30 ದಿನ ಹೊಸ ಬುಕಿಂಗ್ ಸಿಗುವುದಿಲ್ಲ. ಜೊತೆಗೆ ಕೀ ಮಾರಾಟ ವರ್ಷವಿಡೀ ನಡೆಯುತ್ತದೆ ಅಂತ ಇಲ್ಲ, ಮಧ್ಯೆ ಮಧ್ಯೆ ನಿಲ್ಲಿಸುತ್ತಾರೆ. ವಾರದ ದಿನ ಮಧ್ಯಾಹ್ನ ಬಿಡುವಿರುವ, ಇನ್ನೂ ಶಾಲೆಗೆ ಸೇರದ ಮಗುವಿರುವ ಮನೆಗೆ ಇದು ನಿಜಕ್ಕೂ ಒಳ್ಳೆಯ ಪಾಸ್. ನಮ್ಮಂಥ ಮನೆಗಲ್ಲ.

ಇನ್ನು ನಾಟ್ಸ್. ಇಲ್ಲಿ ಯಾವ ಊರು, ಯಾವ ಜಿಪ್‌ಕೋಡ್ ಅಂತ ಕೇಳುವವರೇ ಇಲ್ಲ. ಶಿವಮೊಗ್ಗದವರಿಗೂ ಇಲ್ಲೇ ಪಕ್ಕದ ಇರ್ವೈನ್‌ನವರಿಗೂ ಒಂದೇ ದರದ ಸೀಸನ್ ಪಾಸ್. ಪಾರ್ಕಿಂಗ್ ಸೇರಿದ ಗೋಲ್ಡ್ ಪಾಸ್ ಒಬ್ಬರಿಗೆ 200 ಡಾಲರ್ ಒಳಗೇ ಸಿಕ್ಕಿತು. ಡಿಸ್ನಿಯಲ್ಲಿ ಜನಜಂಗುಳಿಯ ಒಂದು ದಿನಕ್ಕೆ ಕೊಡುವುದಕ್ಕಿಂತ ಕಡಿಮೆ. ಮುಂಗಡ ಬುಕಿಂಗ್ ಬೇಡ, ಮನಸ್ಸು ಬಂದಾಗ ಹೊರಡುವುದು.

ಇದರಿಂದ ನಮಗೆ ಆದ ದೊಡ್ಡ ಉಪಕಾರ ಅಂದರೆ ಇಡೀ ದಿನ ನಡೆಯುವ ಒತ್ತಾಯ ತಪ್ಪಿತು. ದುಬಾರಿ ಟಿಕೆಟ್ ತಗೊಂಡು ಹೋದರೆ ಎಲ್ಲ ನೋಡಿಯೇ ಬರಬೇಕು ಅಂತ ಮನಸ್ಸು ಹೊಡೆದುಕೊಳ್ಳುತ್ತದೆ. ಪಾಸ್ ಇದ್ದರೆ ಎರಡು ಗಂಟೆ ಸುಮ್ನೆ ಇದ್ದು ಬರಬಹುದು. ಮಗಳು, ಅವಳಮ್ಮ ಚಿಕ್ಕ ಮಕ್ಕಳ ರೈಡ್‌ಗಳಿರುವ ಕ್ಯಾಂಪ್ ಸ್ನೂಪಿಯಲ್ಲಿ. ಅಪ್ಪ-ಅಮ್ಮ ಘೋಸ್ಟ್ ಟೌನ್‌ನ ಬೆಂಚಿನ ಮೇಲೆ. 1940ರಿಂದ ಕಟ್ಟುತ್ತ ಬಂದ, ಅಮೆರಿಕದ ಕೌಬಾಯ್ ಕಾಲದ ಮಾದರಿಯ ಊರು ಅದು. ಅಲ್ಲೊಬ್ಬ ಕಮ್ಮಾರ ನಿಜವಾಗಿಯೂ ಕುಲುಮೆ ಉರಿಸಿ ಕಬ್ಬಿಣ ಬಡಿಯುತ್ತಾನೆ. ಅಪ್ಪ ಹೋದಾಗಲೆಲ್ಲ ಅವನ ಮುಂದೆ ನಿಲ್ಲುತ್ತಿದ್ದರು. ಸುತ್ತಿಗೆ ಬೀಳುವ ಮೊದಲು ಕಬ್ಬಿಣದ ಕೆಂಪು ನೋಡಿ 'ಇನ್ನೂ ಕಾಯಬೇಕು ಅದು' ಅಂತ ನನಗೆ ಹೇಳುವರು. ಆಮೇಲೆ ಎಲ್ಲರೂ ಉಗಿಬಂಡಿ ಹತ್ತುವುದು. ಮಧ್ಯದಲ್ಲಿ ದರೋಡೆಕೋರರ ವೇಷದವರು ರೈಲು ಹತ್ತುತ್ತಾರೆ, ಅಮ್ಮ ಪ್ರತಿ ಸಲವೂ ಪರ್ಸ್ ಸೆರಗಿನೊಳಗೆ ಸೇರಿಸಿಕೊಂಡು ನಗುತ್ತಿದ್ದರು.

ನಾಟ್ಸ್‌ನಲ್ಲಿ ಕೊರತೆಯೂ ಇದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಡಿಸ್ನಿಯಲ್ಲಿ ಚಿತ್ರಾನ್ನದ ಡಬ್ಬಿ, ಮೊಸರನ್ನ ಎಲ್ಲ ತಗೊಂಡು ಹೋದೆವು, ಯಾರೂ ಏನೂ ಅನ್ನಲಿಲ್ಲ. ಗಾಜಿನ ಬಾಟಲಿ ಇರಬಾರದು, ಅಷ್ಟೇ. ಸಸ್ಯಾಹಾರಿ ಅಪ್ಪ-ಅಮ್ಮ ಇರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ನಾಟ್ಸ್‌ಗೆ ಹೋಗುವಾಗ ನಾವು ಆರ್ಟೀಸಿಯಾ ಊರಿನಲ್ಲಿ ಭಾರತೀಯ ಅಂಗಡಿಗಳಿರುವ ಪಯನೀರ್ ಬುಲೆವಾರ್ಡ್ ಬೀದಿಯಲ್ಲಿ ದೋಸೆ ತಿಂದು, ಮನೆಯ ಸೊಪ್ಪು-ಕಾಯಿ ಕೊಂಡು ಹೊರಡುತ್ತಿದ್ದೆವು. ಅಲ್ಲಿಂದ ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಮಧ್ಯೆ ಹಸಿವಾದರೆ ಹೊರಗೆ ಬಂದು ಕಾರಿನಲ್ಲಿ ತಿಂದು ಅದೇ ದಿನ ಮತ್ತೆ ಒಳಗೆ ಹೋಗಬಹುದು.

ಇನ್ನೊಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸ್ಕೇರಿ ಫಾರ್ಮ್ ಅನ್ನುವ ಹ್ಯಾಲೋವೀನ್ ದೆವ್ವದ ಆಟ ನಡೆಯುವ ರಾತ್ರಿಗಳಲ್ಲಿ ಪಾರ್ಕನ್ನು ಸಂಜೆಯೇ ಮುಚ್ಚುತ್ತಾರೆ. ಅದಕ್ಕೆ ಬೇರೆ ಟಿಕೆಟ್. ಸಂಜೆ ಹೋಗುವ ರೂಢಿಯವರು ವೇಳೆ ನೋಡಿಕೊಂಡು ಹೊರಡಿ.

ಡಿಸ್ನಿಗೆ ಒಂದು ದಿನ ಅಂದೆನಲ್ಲ, ಅದನ್ನು ಜನವರಿ ಕೊನೆ ಅಥವಾ ಫೆಬ್ರುವರಿಯ ವಾರದ ನಡುವಿನ ದಿನಕ್ಕೆ ಇಟ್ಟುಕೊಳ್ಳಿ. ದರ ಇಳಿದಿರುತ್ತದೆ, ಬಿಸಿಲೂ ಕಡಿಮೆ. 2024ರಲ್ಲೂ 2025ರಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಮೂರರಿಂದ ಒಂಬತ್ತರ ಮಕ್ಕಳಿಗೆ ಒಂದು ದಿನದ ಟಿಕೆಟ್ 50 ಡಾಲರ್‌ಗೆ ಬಿಟ್ಟಿದ್ದರು. ಅದಕ್ಕೆ ವಿಳಾಸದ ಪುರಾವೆ ಬೇಕಿರಲಿಲ್ಲ. ಊರಿಂದ ಮೊಮ್ಮಕ್ಕಳೂ ಬಂದಿದ್ದು, ಅಂಥ ಕೊಡುಗೆ ಮತ್ತೆ ಬಿಟ್ಟಿದ್ದರೆ ಬಿಡಬೇಡಿ. ದೊಡ್ಡವರಿಗೆ ಒಂದು ದಿನದ ಮಾಮೂಲಿ ಟಿಕೆಟ್ ಸಾಕು. ಮೂರು ದಿನದ್ದು ಅಗ್ಗ ಅನ್ನಿಸಿದರೂ 13 ದಿನದ ಗಡುವು ನೆನಪಿರಲಿ.

ನಾಟ್ಸ್ ಪಾಸ್ ಕೊಳ್ಳುವ ಹೊತ್ತೂ ಮುಖ್ಯ. ಅದು ಕೊಂಡ ದಿನದಿಂದ ಒಂದು ವರ್ಷ ಅಲ್ಲ, ಕ್ಯಾಲೆಂಡರ್ ವರ್ಷದ ಲೆಕ್ಕ. ನಾವು 2025ರ ಪಾಸನ್ನು 2024ರ ಅಕ್ಟೋಬರ್‌ನಲ್ಲೇ ಕೊಂಡೆವು, ಆ ವರ್ಷದ ಉಳಿದ ತಿಂಗಳುಗಳೂ ಅದರಲ್ಲೇ ಸೇರಿದವು. ದಸರಾ ಮುಗಿಸಿ ಬಂದು ಯುಗಾದಿ ಹೊತ್ತಿಗೆ ಹೊರಡುವ ಅಪ್ಪ-ಅಮ್ಮನಿಗೆ ಒಂದೇ ಪಾಸ್‌ನಲ್ಲಿ ಇಡೀ ಅವಧಿ ಮುಗಿಯುತ್ತದೆ. ಅವರು ಏಪ್ರಿಲ್‌ನಲ್ಲಿ ಬರುವವರಾದರೆ ಬಂದ ಮೇಲೆ ಕೊಂಡರೂ ಆಯಿತು, ಆದರೆ ಡಿಸೆಂಬರ್ ಕೊನೆಗೆ ಪಾಸ್ ಮುಗಿಯುತ್ತದೆ.