ಲಾರಿ ಎಂಜಿನ್ ಎತ್ತಲು ಯಾವುದು ಸರಿ: ಮಡಚುವ ಕ್ರೇನ್, ಟ್ರೈಪಾಡ್, ಜೆಸಿಬಿ, ಗ್ಯಾಂಟ್ರಿ

ತೋಟದ ಹಳೆಯ ಲಾರಿಯ ಕೆಲಸವನ್ನು ಮನೆಯ ಶೆಡ್‌ನಲ್ಲೇ ಮಾಡಿಕೊಳ್ಳುವವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ಸುಂಟಿಕೊಪ್ಪದ ಹತ್ತಿರ ನಾನೂ ನನ್ನ ತಮ್ಮನೂ ನಮ್ಮ ಟಾಟಾ 1210 ಎಸ್‌ಇ ಲಾರಿಯನ್ನು ಹಾಗೇ ನೋಡಿಕೊಳ್ಳುತ್ತೇವೆ. ಮುಂದೆ ಬಾನೆಟ್ ಇರುವ ಗಾಡಿ, ಆರು ಸಿಲಿಂಡರಿನ ಎರಕದ ಎಂಜಿನ್. ಗೇರ್ ಬಾಕ್ಸ್ ಬಿಚ್ಚಿದ ಮೇಲೂ ಅದನ್ನು ಅರ್ಧ ಟನ್ ಎಂದೇ ಲೆಕ್ಕ ಹಿಡಿಯುತ್ತೇವೆ. ಇಷ್ಟು ಭಾರ ಎತ್ತಲು ನಾವು ಬಳಸಿ ನೋಡಿದ ಸಾಧನಗಳ ಹೋಲಿಕೆ ಇದು.

ಹೆಂಚಿನ ಮಾಡಿನ ತೊಲೆಗೆ ಪುಲ್ಲಿ ಕಟ್ಟುವುದು ಈ ಲೆಕ್ಕದಲ್ಲೇ ಇಲ್ಲ. ಆ ತೊಲೆ ಮಾಡು ಹೊರಲು ಇಟ್ಟದ್ದು. ನಮ್ಮ ಮಳೆಗೆ ಒಳಗೊಳಗೇ ಎಷ್ಟು ಕುಂಬಾಗಿದೆ, ಗೆದ್ದಲು ಎಷ್ಟು ತಿಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಹೆಚ್ಚಿನವರು ಮೊದಲು ಕೊಳ್ಳುವುದು ಮಡಚುವ ಹೈಡ್ರಾಲಿಕ್ ಕ್ರೇನ್. ಮೇಲೆ 2 ಟನ್ ಎಂದು ಬರೆದಿರುತ್ತದೆ. ಆದರೆ ಅದರ ತೋಳಿನಲ್ಲಿ ಸಾಲಾಗಿ ತೂತುಗಳಿವೆ, ನೋಡಿ. 2 ಟನ್ ಎನ್ನುವುದು ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ಒಂದೊಂದು ತೂತು ಹೊರಗೆಳೆದಂತೆ 1.5, 1, ಕೊನೆಗೆ ಅರ್ಧ ಟನ್‌ಗೆ ಇಳಿಯುತ್ತದೆ. ಲಾರಿಯ ಮೂತಿ ಉದ್ದ. ಎಂಜಿನ್‌ನ ಹಿಂಭಾಗ ಕ್ಯಾಬಿನ್ ಕೆಳಗೆ ಹೊಕ್ಕಿರುತ್ತದೆ. ಅಲ್ಲಿಗೆ ಕೊಕ್ಕೆ ತಲುಪಬೇಕಾದರೆ ಕೊನೆಯ ತೂತೇ ಬೇಕು. ಅಂದರೆ ಎಂಜಿನ್ ತೂಕವೂ ಕ್ರೇನ್ ತಾಕತ್ತೂ ಸಮ. ಉಳಿಕೆ ಏನೂ ಇಲ್ಲ. ಎತ್ತರವೂ ಸಾಲುವುದಿಲ್ಲ. ಎಂಜಿನ್‌ನ ಚೇಂಬರ್, ಅಂದರೆ ಅಡಿಯ ಎಣ್ಣೆ ತೊಟ್ಟಿ, ಮುಂದಿನ ಅಡ್ಡಪಟ್ಟಿ ದಾಟಬೇಕಾದರೆ ತಲೆ ಭಾಗ ನೆಲದಿಂದ 2 ಮೀಟರ್ ಹತ್ತಿರ ಬರುತ್ತದೆ. ಸರಪಳಿಗೆ ಅದರ ಮೇಲೆ ಜಾಗ ಬೇಡವೇ?

ಚಕ್ರಗಳದ್ದು ಇನ್ನೊಂದು ಕಥೆ. ಅವು ಸಣ್ಣ ಕಬ್ಬಿಣದ ಚಕ್ರಗಳು. ಕಾಫಿ ಒಣಗಿಸುವ ಸಿಮೆಂಟ್ ಕಣ ನಮಗೆ ಸಮತಟ್ಟಾಗಿ ಕಂಡರೂ ಮಳೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಭಾರ ನೇತಾಡುತ್ತಿರುವಾಗ ಒಂದು ಚಕ್ರ ಬಿರುಕಿಗೆ ಸಿಕ್ಕಿದರೆ ಸಾಕು, ಕ್ರೇನ್ ವಾಲುತ್ತದೆ. ಸಾಲದ್ದಕ್ಕೆ ಇಲ್ಲಿ ಭಾರ ನಿಂತಿರುವುದು ಎಣ್ಣೆಯ ಒತ್ತಡದ ಮೇಲೆ. ಸೀಲ್ ಸವೆದಿದ್ದರೆ ಎಂಜಿನ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಟಾಟಾ 407 ಸಣ್ಣ ಲಾರಿಯ ನಾಲ್ಕು ಸಿಲಿಂಡರಿನ ಎಂಜಿನ್‌ಗೆ, ಒಳ್ಳೆಯ ನೆಲದ ಮೇಲೆ, ಇದೇ ಕ್ರೇನ್ ಚೆನ್ನಾಗಿ ಕೆಲಸ ಮಾಡಿದೆ. ದೊಡ್ಡ ಎಂಜಿನ್‌ಗೆ ನಾನು ಒಪ್ಪುವುದಿಲ್ಲ.

ಮೂರು ಕಾಲಿನ ಟ್ರೈಪಾಡ್‌ಗೆ ಕೈಯಿಂದ ಸರಪಳಿ ಎಳೆದು ಎತ್ತುವ ಚೈನ್ ಪುಲ್ಲಿ ಹಾಕುವುದು ಬೋರ್‌ವೆಲ್ ಪಂಪ್ ಎತ್ತುವವರ ಪದ್ಧತಿ. ಚೈನ್ ಪುಲ್ಲಿಯ ದೊಡ್ಡ ಗುಣ ಏನೆಂದರೆ, ಕೈ ಬಿಟ್ಟರೂ ಒಳಗಿನ ಬ್ರೇಕ್ ಭಾರವನ್ನು ಅಲ್ಲೇ ಹಿಡಿದಿರುತ್ತದೆ. ಕಾಲುಗಳು ಜಾರದಂತೆ ಬುಡದಲ್ಲಿ ಮೂರನ್ನೂ ಸರಪಳಿಯಿಂದ ಕಟ್ಟಲೇಬೇಕು. ತೊಂದರೆ ಬರುವುದು ಜಾಗದ್ದು. ಲಾರಿಯ ಮೂತಿಯ ಎರಡು ಬದಿಗೆ ಎರಡು ಕಾಲು ಇಟ್ಟರೆ ಮೂರನೆಯದು ಎದುರಿಗೆ ಬರುತ್ತದೆ. ಭಾರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಎಳೆದರೂ ಒಂದು ಕಾಲು ನೆಲ ಬಿಡಲು ನೋಡುತ್ತದೆ. ನೇರ ಮೇಲಕ್ಕೆ ಎತ್ತಿ ನೇರ ಕೆಳಕ್ಕೆ ಇಳಿಸುವ ಕೆಲಸಕ್ಕೆ ಮಾತ್ರ ಇದು ಸರಿ.

ಜೆಸಿಬಿ ಸುಲಭವಾಗಿ ಸಿಗುತ್ತದೆ, ತಾಕತ್ತಿಗೇನೂ ಕಮ್ಮಿ ಇಲ್ಲ. ಆದರೆ ಎಂಜಿನ್ ಅನ್ನು ಫೌಂಡೇಶನ್ (ಎಂಜಿನ್ ಕೂರುವ ಆಧಾರ) ಬೋಲ್ಟ್ ತೂತಿಗೆ ಕೂರಿಸುವಾಗ ಬೇಕಾಗುವುದು ಒಂದೆರಡು ಮಿಲಿಮೀಟರ್. ಬಕೆಟ್ ಕುಲುಕಿದರೆ ಅಷ್ಟಕ್ಕೇ ಬೆರಳು ಹೋಗುತ್ತದೆ. ಡ್ರೈವರ್‌ಗೆ ನಮ್ಮ ಕೈ ಎಲ್ಲಿದೆ ಎಂದು ಕಾಣುವುದೂ ಇಲ್ಲ. ಲಾರಿಯಿಂದ ಆಗಲೇ ಹೊರಗಿರುವ ಎಂಜಿನ್ ಅನ್ನು ಪಿಕಪ್‌ಗೆ ಹೇರಲು ಕರೆಯಬಹುದು, ಅಷ್ಟೇ.

ನಾವು ಈಗ ಬಳಸುವುದು ಗ್ಯಾಂಟ್ರಿ. ಎರಡು ಬದಿಗೆ ಎ ಆಕಾರದ ಕಾಲು, ಮೇಲೆ 150 ಮಿ.ಮೀ. ಐ ಗರ್ಡರ್. ಕಾಲುಗಳ ನಡುವೆ 3 ಮೀಟರ್ ಅಗಲ, ಗರ್ಡರ್‌ನ ಎತ್ತರವೂ 3 ಮೀಟರ್. ಕುಶಾಲನಗರದಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಅದಕ್ಕೆ 2 ಟನ್‌ನ ಚೈನ್ ಪುಲ್ಲಿ. ಪುಲ್ಲಿ ಕೊಳ್ಳುವಾಗ ಅದರ ಭಾರತೀಯ ಮಾನಕವಾದ ಐಎಸ್ 3832ರ ಗುರುತು ನೋಡಿ. ಇಲ್ಲಿ ಎಂಜಿನ್ ಅನ್ನು ಅತ್ತಿತ್ತ ಒಯ್ಯುವುದೇ ಇಲ್ಲ. ಎಂಜಿನ್ ನಿಂತಲ್ಲೇ ನಿಲ್ಲುತ್ತದೆ, ಲಾರಿ ಹಿಂದಕ್ಕೆ ಹೋಗುತ್ತದೆ. ನಾಲ್ಕೈದು ಜನ ಸೇರಿ ಹಾರೆ ಮೀಟಿ ಚೂರು ಚೂರೇ ಸರಿಸುತ್ತೇವೆ. ಒಬ್ಬ ಹಿಂದಿನ ಟೈರ್ ಜೊತೆಗೇ ಮರದ ಅಡೆ ಇಡುತ್ತಾ ಹೋಗುತ್ತಾನೆ, ಅವನಿಗೆ ಬೇರೆ ಕೆಲಸ ಇಲ್ಲ. ಕರೆಂಟ್ ಹಾಯ್ಸ್ಟ್ ಬೇಡವೇ ಎಂದು ಕೇಳುತ್ತಾರೆ. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ, ಅಲ್ವಾ?

ಯಾವ ಸಾಧನವಾದರೂ ಸರಪಳಿ ಕಟ್ಟುವ ರೀತಿ ಮುಖ್ಯ. ಎಂಜಿನ್‌ನ ಹಿಂದೆ ಮುಂದೆ ಎತ್ತಲೆಂದೇ ಕೊಟ್ಟ ಬ್ರಾಕೆಟ್ ಇರುತ್ತದೆ, ಅದಕ್ಕೇ ಡಿ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ) ಹಾಕಿ. ಸರಪಳಿಯ ಎರಡು ಕಾಲು ನೆಲಕ್ಕೆ 60 ಡಿಗ್ರಿ ಇದ್ದರೆ 500 ಕೆ.ಜಿ. ಭಾರಕ್ಕೆ ಒಂದೊಂದರ ಮೇಲೆ ಸುಮಾರು 290 ಕೆ.ಜಿ. ಎಳೆತ ಬೀಳುತ್ತದೆ. ಗಿಡ್ಡ ಸರಪಳಿ ಹಾಕಿ 30 ಡಿಗ್ರಿಗೆ ಚಪ್ಪಟೆ ಮಾಡಿದರೆ ಒಂದೊಂದರ ಮೇಲೂ ಪೂರ್ತಿ 500. ಬ್ರಾಕೆಟ್ ಬೋಲ್ಟ್ ಕತ್ತರಿಸಿ ಹೋಗುವುದು ಇಂಥಲ್ಲೇ. ಮಳೆಗಾಲ ಮುಗಿದ ಮೇಲೆ ಸರಪಳಿಯ ತುಕ್ಕು ಉಜ್ಜಿ ಎಣ್ಣೆ ಕೊಡಿ. ಪುಲ್ಲಿಯ ಬ್ರೇಕ್ ಬಿಲ್ಲೆಗೆ ಮಾತ್ರ ಎಣ್ಣೆ ತಾಗಬಾರದು.

ಎತ್ತಿದ ಎಂಜಿನ್ ಕೂರಿಸುವುದಕ್ಕೂ ಎರಡು ದಾರಿ ನೋಡಿದೆವು. ಒಂಟಿ ಕಂಬದ ಎಂಜಿನ್ ಸ್ಟ್ಯಾಂಡ್‌ನಲ್ಲಿ ಎಂಜಿನ್ ಹಿಂದಿನ ಬೋಲ್ಟ್‌ಗಳ ಮೇಲೆ ಮಾತ್ರ ಚಾಚಿಕೊಂಡು ನಿಲ್ಲುತ್ತದೆ. ಆರು ಸಿಲಿಂಡರಿನ ಉದ್ದಕ್ಕೆ ಆ ಎಳೆತ ಜಾಸ್ತಿ. ಸಿ ಚಾನಲ್ ವೆಲ್ಡ್ ಮಾಡಿದ ನಾಲ್ಕು ಕಾಲಿನ ತಗ್ಗು ಚೌಕಟ್ಟು ಎಷ್ಟೋ ಮೇಲು. ಲಾರಿಯಲ್ಲಿ ಹೇಗೋ ಹಾಗೆಯೇ ಎಂಜಿನ್ ಅದರಲ್ಲೂ ತನ್ನ ಫೌಂಡೇಶನ್‌ಗಳ ಮೇಲೆ ಕೂರುತ್ತದೆ. ಚೇಂಬರ್ ಮೇಲೆ ಭಾರ ಬೀಳುವುದಿಲ್ಲ. ತೋಟದಲ್ಲಿ ಸಿಲ್ವರ್ ಓಕ್ ಮರದ ತುಂಡು ಬಿದ್ದಿರುತ್ತದೆ ಎಂದು ಅದನ್ನು ಅಡಿಗೆ ಕೊಡಬೇಡಿ, ಹಸಿ ಮರ ಸೀಳುತ್ತದೆ. ಚೌಕಟ್ಟಿನಲ್ಲಿ ಕೂರಿಸಿ ಬೋಲ್ಟ್ ಬಿಗಿಯುವವರೆಗೂ ಪುಲ್ಲಿಯ ಸರಪಳಿ ಬಿಚ್ಚುವುದಿಲ್ಲ. ಕ್ರ್ಯಾಂಕ್ ಕೆಲಸಕ್ಕೆ ಎಂಜಿನ್ ಮಗುಚಬೇಕಾದಾಗ ಮತ್ತೆ ಅದೇ ಪುಲ್ಲಿಗೆ ಕಟ್ಟಿ ಮಗುಚುತ್ತೇವೆ.