ಲೇಸರ್‌ಜೆಟ್ 5200: ಫಿಲಂ ಬದಲು ಬಟರ್ ಪೇಪರ್ ಸಾಕೇ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸಣ್ಣ ಪ್ರೆಸ್ಸುಗಳಿಗೆ ಬರುವುದು ಬಿಲ್‌ಬುಕ್, ಕರಪತ್ರ, ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ. ಇವಕ್ಕೆ ಆಫ್‌ಸೆಟ್ ಪ್ಲೇಟ್ ಮಾಡಲು ಇಮೇಜ್‌ಸೆಟರ್‌ನಲ್ಲಿ (ಪುಟವನ್ನು ಲೇಸರ್‌ನಿಂದ ಫಿಲಂ ಮೇಲೆ ಮೂಡಿಸುವ ಯಂತ್ರ) ಫಿಲಂ ತೆಗೆಸಬೇಕಿಲ್ಲ. ಎಚ್‌ಪಿ ಲೇಸರ್‌ಜೆಟ್ 5200ರಂಥ ಹಳೇ ಎ3 ಲೇಸರ್ ಪ್ರಿಂಟರಿನಲ್ಲಿ ಬಟರ್ ಪೇಪರ್ (ಬೆಳಕು ಹಾಯುವ ತೆಳು ಹಾಳೆ) ಮೇಲೆ ಪ್ರಿಂಟ್ ತೆಗೆದು, ಅದನ್ನು ಪ್ಲೇಟಿನ ಮೇಲಿಟ್ಟು ಬೆಳಕು ಹಾಯಿಸಿದರೆ ಧಾರಾಳ ಸಾಕು.

ಈ ಪ್ರಿಂಟರಿನ ಬಲ 1200 ಡಿಪಿಐ (ಇಂಚಿಗೆ 1200 ಚುಕ್ಕೆ). 600ರಲ್ಲಿ 8 ಪಾಯಿಂಟ್ ಕನ್ನಡ ತೆಗೆದರೆ ಒತ್ತಕ್ಷರದ ಸುಳಿ ಕಟ್ಟಿಕೊಳ್ಳುತ್ತದೆ. ಡ್ರೈವರ್‌ನಲ್ಲಿ ಫಾಸ್ಟ್‌ರೆಸ್ ಬಿಟ್ಟು ಪ್ರೊರೆಸ್ 1200 ಆರಿಸಿ. ವೇಗ ತಗ್ಗುತ್ತದೆ, ತಗ್ಗಲಿ. ಟೋನರ್ (ಕಪ್ಪು ಪುಡಿ) ಉಳಿಸುವ ಎಕಾನೊಮೋಡ್ ಬಂದ್ ಇರಲಿ.

ಫೋಟೊ ಮಾತ್ರ ಬೇರೆ ಲೆಕ್ಕ. 85 ಲೈನ್ ಸ್ಕ್ರೀನಿಗೆ (ಛಾಯೆ ತೋರಿಸುವ ಚುಕ್ಕೆಗಳ ಸಾಲು ಇಂಚಿಗೆ 85) 1200 ಡಿಪಿಐಯಲ್ಲಿ ಸುಮಾರು 200 ಛಾಯೆ ಬರುತ್ತದೆ, 600ರಲ್ಲಿ ಬರೀ 50. 2400ರ ಇಮೇಜ್‌ಸೆಟರ್ 150 ಲೈನಿಗೂ 256 ಕೊಡುತ್ತದೆ. ಟೋನರ್ ಹರಡುವುದರಿಂದ ಆ 200ರಲ್ಲೂ ಗಾಢ ಭಾಗ ಮುಚ್ಚಿಹೋಗುತ್ತದೆ. ನಾಲ್ಕು ಬಣ್ಣದ ಕೆಲಸವಿದ್ದರೆ ಸಿಟಿಪಿ (ಕಂಪ್ಯೂಟರಿನಿಂದ ನೇರ ಮೂಡಿಸುವ) ಪ್ಲೇಟೇ ಸರಿ.

ಪ್ರಿಂಟನ್ನು ಮಿರರ್ ಮಾಡಿಯೇ ತೆಗೆಯಿರಿ. ಟೋನರ್ ಇರುವ ಮುಖ ಪ್ಲೇಟಿಗೆ ಅಂಟಿಕೊಳ್ಳಬೇಕು. ಇಲ್ಲದಿದ್ದರೆ ಬೆಳಕು ಪಕ್ಕದಿಂದ ನುಸುಳಿ ತೆಳು ಗೆರೆ ಸವೆಯುತ್ತದೆ. ಬಟರ್ ಪೇಪರ್ ಬೆಳಕನ್ನು ಸ್ವಲ್ಪ ತಡೆಯುವುದರಿಂದ ಎಕ್ಸ್‌ಪೋಶರ್ (ಬೆಳಕು ಕೊಡುವ ಹೊತ್ತು) ಫಿಲಂಗಿಂತ ಹೆಚ್ಚು ಬೇಕು. ರೀಫಿಲ್ ಟೋನರ್ ಕಳಪೆಯಾಗಿದ್ದರೆ ಕಪ್ಪಿನಲ್ಲಿ ಸೂಜಿತೂತು ಬಿದ್ದು, ಪಾಸಿಟಿವ್ ಪಿಎಸ್ ಪ್ಲೇಟಿನಲ್ಲಿ (ಬೆಳಕು ಬಿದ್ದ ಕಡೆ ಕರಗುವ ಕೋಟಿಂಗ್ ಇರುವ ಪ್ಲೇಟ್) ಅಲ್ಲೆಲ್ಲ ಕೋಟಿಂಗ್ ಕರಗಿಹೋಗುತ್ತದೆ, ಅಚ್ಚಿನಲ್ಲಿ ಬಿಳಿ ಚುಕ್ಕೆ.

ಮಲೆನಾಡಿನಲ್ಲಿ ನಿಜವಾದ ತಲೆನೋವು ಜೂನ್‌ನಿಂದ ಸೆಪ್ಟೆಂಬರ್. ಬಿಚ್ಚಿಟ್ಟ ಬಟರ್ ಪೇಪರ್ ತೇವ ಹೀರುತ್ತದೆ. ಟೋನರ್ ಸರಿಯಾಗಿ ಕೂರುವುದಿಲ್ಲ, ಮೇಲಾಗಿ ಫ್ಯೂಸರ್ (ಟೋನರನ್ನು ಬಿಸಿಯಿಂದ ಅಂಟಿಸುವ ಭಾಗ) ಬಿಸಿಗೆ ಹಾಳೆ ಕುಗ್ಗಿ ಎರಡು ಬಣ್ಣದ ರಿಜಿಸ್ಟರ್ (ಒಂದರ ಮೇಲೊಂದು ಕೂರುವ ಜೋಡಣೆ) ತಪ್ಪುತ್ತದೆ. ಖಾಲಿ ಹಾಳೆಯನ್ನು ಒಮ್ಮೆ ಯಂತ್ರದೊಳಗೆ ಹಾಯಿಸಿ, ಕೂಡಲೇ ಅದರ ಮೇಲೆ ಪ್ರಿಂಟ್ ತೆಗೆಯಿರಿ. ಎರಡೂ ಬಣ್ಣದ ಹಾಳೆ ಒಂದರ ಬೆನ್ನಿಗೆ ಒಂದು ಬರಲಿ, ಒಂದು ಇವತ್ತು ಒಂದು ನಾಳೆ ಬೇಡ. ಟ್ರೇ 1ರಿಂದ ಕೊಟ್ಟು ಹಿಂದಿನ ಬಾಗಿಲು ತೆರೆದಿಟ್ಟರೆ ಹಾಳೆ ನೇರ ಹೊರಬರುತ್ತದೆ, ಸುರುಳಿ ಕಡಿಮೆ. ಕರೆಂಟ್ ಹೋಗುತ್ತದೆಂದು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಇದನ್ನು ಸಿಕ್ಕಿಸಬೇಡಿ, ಫ್ಯೂಸರ್ ಬಿಸಿಯಾಗುವಾಗ ಟ್ರಿಪ್ ಆಗುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಎ3 ತುಂಬ ಕಪ್ಪು ಪ್ರಿಂಟ್ ತೆಗೆಸಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸಮ ಅಂತರದಲ್ಲಿ ಗುರುತು ಮರುಕಳಿಸಿದರೆ ಬೇರೆ 16ಎ ಕಾರ್ಟ್ರಿಜ್ ಹಾಕಿಸಿ. ಡ್ರಮ್ (ಚಿತ್ರ ಮೂಡುವ ಉರುಳೆ) ಅದರೊಳಗೇ ಇರುವುದರಿಂದ ಗುರುತು ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಫ್ಯೂಸರ್ ಮೇಲೆ ಅನುಮಾನ, ಅದರ ಬೆಲೆ ಕಳೆದು ಚೌಕಾಸಿ ಮಾಡಿ.